ಮೂವತ್ನಾಲ್ಕನೇ ವಾರ ಹುಟ್ಟಿದ ಸೆನ್ಸರ್

"ಚಾಲೂ ಮಾಡು," ಎಂದ ಅಣ್ಣಾಸಾಬ, ಮುಖವೆತ್ತದೆ.

ಬೀರದೇವ ಆ್ಯಂಬುಲೆನ್ಸಿನ ಬಾಗಿಲು ತೆರೆದು ಸ್ಟೇರಿಂಗಿನ ಹಿಂದೆ ಕೂತ. ನಾಲ್ಕು ತಿಂಗಳ ಮೇಲೆ ಆ ಸೀಟಿನಲ್ಲಿ ಕೂರುತ್ತಿದ್ದ. ಚಾವಿ ತಿರುವುವ ಮೊದಲು ಒಮ್ಮೆ ಹಿಂತಿರುಗಿ ಸ್ಟ್ರೆಚರ್ ಇದ್ದ ಜಾಗವನ್ನು ನೋಡಿದ. ಅದು ಅಣ್ಣಾಸಾಬನ ಕಣ್ಣಿಗೆ ಬಿತ್ತು. ಆ ಕಡೆ ನೋಡಲಿಕ್ಕೆ ಇವನಿಗೇನು ಹಕ್ಕಿದೆ ಎಂದುಕೊಂಡ. ಬಾನೆಟ್ಟಿನೊಳಗೆ ಇನ್ನಷ್ಟು ಬಾಗಿದ.

ಅದು ಕಾಗವಾಡ ಪೊಲೀಸ್ ಠಾಣೆಯ ಹಿತ್ತಿಲು. ಜಪ್ತಿಯಾದ ಮೋಟಾರ್‌ಸೈಕಲ್ಲುಗಳು, ಮರಳು ಹೇರಿ ಸಿಕ್ಕಿಬಿದ್ದ ಟ್ರ್ಯಾಕ್ಟರು, ಬೇವಿನ ಗಿಡದ ಬುಡಕ್ಕೆ ಈ ಬಿಳಿ ಗಾಡಿ. ಕಬ್ಬಿನ ದರಕ್ಕಾಗಿ ರೈತರು ರಸ್ತೆಯ ಮೇಲೆ ಕೂತಿದ್ದರಿಂದ ಸಿಬ್ಬಂದಿಯೆಲ್ಲ ಬಂದೋಬಸ್ತಿಗೆ ಹೋಗಿತ್ತು. ಹಿತ್ತಿಲಲ್ಲಿ ಇದ್ದವರು ಅಣ್ಣಾಸಾಬ, ಬೀರದೇವ, ಕೈಕಟ್ಟಿ ನಿಂತ ಪಿಎಸ್‌ಐ ಪೂನಮ. ಅಷ್ಟೇ.

ಆಗಸ್ಟ್ ಒಂಬತ್ತರ ಮುಂಜಾನೆ ಇದೇ ಗಾಡಿ ಅಣ್ಣಾಸಾಬನ ಮಗಳು, ರಕ್ತ ಹೋಗಿ ಎಚ್ಚರ ತಪ್ಪಿದ್ದ ಗಂಗಾಳನ್ನು ಹೆರಿಗೆಗೆಂದು ಅಥಣಿಯ ಆಸ್ಪತ್ರೆಯಿಂದ ಮಿರಜಿಗೆ ಒಯ್ದಿತ್ತು. ಒಂದೂಕಾಲು ತಾಸಿನ ದಾರಿ. ಮುಟ್ಟಿದ್ದು ಎರಡೂವರೆ ತಾಸಿಗೆ. ರಕ್ತ ಹರಿದು ಹರಿದು ತಣ್ಣಗಾಗಿದ್ದ ಗಂಗಾ ಆಪರೇಶನ್ ಟೇಬಲ್ಲಿನ ಮೇಲೆ ತೀರಿಕೊಂಡಳು. ಹೊಟ್ಟೆಯೊಳಗಿನ ಹೆಣ್ಣುಕೂಸು ಮಾತ್ರ ಉಳಿದು ಅಣ್ಣಾಸಾಬನ ಮನೆಗೆ ಬಂತು.

ಡ್ರೈವರ್ ಬೀರದೇವ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದ, ಬೇಕಂತಲೇ ನಿಧಾನ ಹೊಡೆದ ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟವನು ಭರಮು. ಭರಮು ಎಂದರೆ ಗಂಗಾಳ ಗಂಡ. ಆ್ಯಂಬುಲೆನ್ಸ್ ನಡೆಸುವ ಅಥಣಿಯ ಟ್ರಸ್ಟಿನಲ್ಲಿ ಗಾಡಿಗಳ ಉಸ್ತುವಾರಿ ಅವನದೇ. ಅವತ್ತು ಹೆಂಡತಿಯ ಕೈ ಹಿಡಿದು ಹಿಂದೆ ಕೂತಿದ್ದವನ ಮಾತನ್ನು ಯಾರು ತೆಗೆದುಹಾಕುತ್ತಾರೆ? ಅಣ್ಣಾಸಾಬನಂತೂ ಮಿರಜಿನ ಆಸ್ಪತ್ರೆಯ ಗೇಟಿನಲ್ಲೇ ಬೀರದೇವನ ಮೇಲೆ ಬಿದ್ದಿದ್ದ. ನಾಲ್ಕು ಜನ ಬಿಡಿಸುವಷ್ಟರಲ್ಲಿ ಅವನ ಮುಂದಿನ ಹಲ್ಲೊಂದು ಮುರಿದಿತ್ತು.

ಬೀರದೇವ ಮೊದಲ ದಿನದಿಂದ ಹೇಳಿದ್ದು ಒಂದೇ ಮಾತು: ಗಾಡಿ ಏಳಲಿಲ್ಲ, ವೇಗ ಹಿಡಿಯಲಿಲ್ಲ. ಪರೀಕ್ಷೆಗೆ ಬಂದ ತಜ್ಞರು ಗಾಡಿಯಲ್ಲಿ ಯಾವ ದೋಷವೂ ಇಲ್ಲ ಎಂದು ಬರೆದುಕೊಟ್ಟು ಹೋಗಿದ್ದರು. ಚಾರ್ಜ್‌ಶೀಟಿಗೆ ಪೂನಮಳ ಸಹಿ ಬೀಳುವುದಷ್ಟೇ ಬಾಕಿ. ಆಗ ಜಾಮೀನಿನ ಮೇಲೆ ಹೊರಗಿದ್ದ ಬೀರದೇವ ಠಾಣೆಗೆ ಬಂದು, ಅಣ್ಣಾಸಾಬಣ್ಣ ಒಮ್ಮೆ ನೋಡಲಿ, ಅವರೂ ಏನಿಲ್ಲ ಎಂದರೆ ತಾನು ಮಾತಾಡದೆ ಜೈಲಿಗೆ ಹೋಗುತ್ತೇನೆ ಎಂದು ಕೈಮುಗಿದಿದ್ದ. ಹಿಂದಿನ ದಿನ ಸಂಜೆ ಪೂನಮ ಫೋನ್ ಮಾಡಿ ಕೇಳಿದಾಗ ಅಣ್ಣಾಸಾಬ ಬರುತ್ತೇನೆ ಎಂದ. ಕನಿಕರದಿಂದಲ್ಲ. ಗಾಡಿ ಚೊಲೋ ಇದೆ ಎಂದು ತನ್ನ ಬಾಯಿಂದಲೇ ಹೇಳಿ ಈ ಮನುಷ್ಯನ ಮೇಲೆ ಕೊನೆಯ ಮೊಳೆ ತಾನೇ ಹೊಡೆಯಬೇಕೆಂದು. ಹೆಂಡತಿ ಕೆಂಪವ್ವಳಿಗೆ ಸಾಂಗ್ಲಿಗೆ ಸಾಮಾನು ತರಲು ಹೋಗುತ್ತೇನೆಂದು ಹೇಳಿ ಬೆಳಿಗ್ಗೆ ಐಗಳಿಯ ತನ್ನ ಗ್ಯಾರೇಜಿನಿಂದ ಹೊರಟಿದ್ದ.

ಸತ್ತ ಬ್ಯಾಟರಿಗೆ ತನ್ನ ಗಾಡಿಯ ಬ್ಯಾಟರಿಯಿಂದ ವೈರು ಕೊಟ್ಟಿದ್ದ. ಇಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಅಣ್ಣಾಸಾಬ ಕಣ್ಣು ಮುಚ್ಚಿ ಕೇಳಿದ. ಇಪ್ಪತ್ತಾರು ವರ್ಷದಿಂದ ಅವನು ಗಾಡಿಯನ್ನು ಮೊದಲು ನೋಡುವುದು ಕಿವಿಯಿಂದ; ಯಂತ್ರ ಆಮೇಲೆ. ಸದ್ದಿನಲ್ಲಿ ಎಲ್ಲೂ ತೊಡಕಿರಲಿಲ್ಲ.

ಸ್ಟೇರಿಂಗಿನ ಕೆಳಗೆ ಸ್ಕ್ಯಾನರಿನ ವೈರು ಸಿಕ್ಕಿಸಿ ಪರದೆ ನೋಡಿದ. ಹಳೆಯ ದೋಷದ ಗುರುತು ಒಂದೂ ಇರಲಿಲ್ಲ. ಯಾರಾದರೂ ಅಳಿಸಿದರೋ, ಬ್ಯಾಟರಿ ಸತ್ತು ಬಿದ್ದಿದ್ದಕ್ಕೆ ಹೋಯಿತೋ ಹೇಳುವಂತಿರಲಿಲ್ಲ. ಅದನ್ನು ಬಿಟ್ಟು ಗಾಳಿಯ ಅಂಕಿಗೆ ಬಂದ. ಬೀರದೇವ ಹೇಳುವಂತೆ ಹೊಗೆಯಿಲ್ಲದೆ, ಸದ್ದಿಲ್ಲದೆ ಗಾಡಿ ಸೋತಿದ್ದರೆ ಸಂಶಯ ಮೊದಲು ಹೋಗುವುದು ಏರ್‌ಫ್ಲೋ ಸೆನ್ಸರಿನ ಮೇಲೆ. ನಿಂತಲ್ಲಿ ಅಂಕಿ ಹತ್ತು ತೋರಿಸುತ್ತಿತ್ತು.

"ರೇಸ್ ಕೊಡು."

ಮೂವತ್ತು. ನಲವತ್ತೈದು. ಅರವತ್ತು. ಕಾಲು ತೆಗೆದ ಕೂಡಲೇ ಮತ್ತೆ ಹತ್ತು. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಸೆನ್ಸರಿನ ಮೈಗೆ ಮೆಲ್ಲಗೆ ತಟ್ಟಿದ, ಅಂಕಿ ಅಲುಗಲಿಲ್ಲ. ವೈರು ಹಿಡಿದು ಜಗ್ಗಿದ, ಅಲುಗಲಿಲ್ಲ. ಇಂಜಿನ್ ಬಿಸಿಯಾಗಲೆಂದು ಇಪ್ಪತ್ತು ನಿಮಿಷ ಹಾಗೇ ಬಿಟ್ಟು ಎಲ್ಲವನ್ನೂ ಮತ್ತೊಮ್ಮೆ ಮಾಡಿದ. ಕೊನೆಗೆ ಸೆನ್ಸರಿನ ಪ್ಲಗ್ಗನ್ನೇ ಕಿತ್ತ. ಇಂಜಿನ್ ಮಂಕಾಯಿತು. ಮರಳಿ ಹಾಕಿದ, ಚುರುಕಾಯಿತು.

ಇದರ ಅರ್ಥವೇನು ಎಂದು ಪೂನಮ ಕೇಳಿದಳು.

"ಒಳಗ ಎಷ್ಟು ಗಾಳಿ ಹೊಂಟೈತಿ ಅಂತ ಇದು ಹೇಳತೈತ್ರಿ. ಆ ಮಾತು ನಂಬಿ ಕಂಪ್ಯೂಟರ್ ಡೀಸೆಲ್ ಕೊಡತೈತಿ. ಇದು ಕೆಟ್ಟು, ಗಾಳಿ ಕಡಿಮಿ ಐತಿ ಅಂತ ಸುಳ್ಳ ಹೇಳಿದ್ರ ಡೀಸೆಲ್ಲೂ ಕಡಿಮಿ ಬರತೈತಿ. ಎಷ್ಟು ಒತ್ತಿದ್ರೂ ಗಾಡಿ ಏಳೂದಿಲ್ಲ. ಕೆಟ್ಟದ್ದಿದ್ರ, ಪ್ಲಗ್ ಕಿತ್ತಾಗ ಕಂಪ್ಯೂಟರ್ ಇದರ ಮಾತು ಬಿಟ್ಟು ತನ್ನ ಅಂದಾಜಿನ ಮ್ಯಾಲ ನಡೀತೈತಿ, ಗಾಡಿ ಚೊಲೋ ಆಗತೈತಿ. ಇಲ್ಲಿ ಕಿತ್ರ ಮಂಕಾತು. ಅಂದ್ರ ಸೆನ್ಸರ್ ಚೊಲೋ ಐತ್ರಿ."

ಬೀರದೇವನಿಗೆ ಬಂದ್ ಮಾಡಲು ಸನ್ನೆ ಮಾಡಿ ಅಣ್ಣಾಸಾಬ ಕೈ ಒರೆಸಿಕೊಂಡ. "ಗಾಡಿಗೆ ಏನೂ ಆಗಿಲ್ರಿ ಮೇಡಮ್. ನಿಮ್ಮ ಕಾಗದದಾಗ ಬರದದ್ದು ಖರೇ ಐತಿ."

ಈ ಮಾತು ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಬೀರದೇವ ಕೆಳಗಿಳಿದು ಬಾಗಿಲು ಮುಚ್ಚಿದ. ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನು. ಹಿಂಡು ಕಳೆದುಕೊಂಡು ಊರಿಗೆ ಬರಿಗೈಯಲ್ಲಿ ಮರಳಿದವನ ಮುಖವಿತ್ತು ಅವನದು.

ಅವತ್ತು ಏನಾಯಿತೆಂದು ಅವನ ಬಾಯಿಂದಲೇ ಒಮ್ಮೆ ಕೇಳಿಬಿಡಿ ಎಂದಳು ಪೂನಮ. ಬೇಡ ಎಂದ ಅಣ್ಣಾಸಾಬ. ಐದೇ ನಿಮಿಷ ಎಂದಳು.

ಬೀರದೇವ ನೆಲ ನೋಡುತ್ತ ಹೇಳಿದ. ಅಥಣಿ ಬಿಟ್ಟಾಗ ಗಾಡಿ ಚೊಲೋ ಇತ್ತು. ಹತ್ತು ನಿಮಿಷಕ್ಕೆ, ಇಂಜಿನ್ ಬಿಸಿಯಾಗುತ್ತಲೂ ಸೋತಿತು. ಕಾಲು ತಳಮುಟ್ಟ ಒತ್ತಿದರೂ ಮೂವತ್ತರ ಮೇಲೆ ಏರಲಿಲ್ಲ. ಹೊಗೆ ಬರಲಿಲ್ಲ, ಸದ್ದು ಬರಲಿಲ್ಲ, ಒಂದು ಹಳದಿ ದೀಪ ಹತ್ತಿತು. ನಿಲ್ಲಿಸಿ ಚಾವಿ ತೆಗೆದು ಮತ್ತೆ ಹಾಕಿದರೆ ಎರಡು ನಿಮಿಷ ಓಡುವುದು, ಮತ್ತೆ ಹಾಗೇ. ಶೇಡಬಾಳದ ಹತ್ತಿರ ನಿಂತದ್ದು ಚಹಾಕ್ಕಲ್ಲ, ಬಾನೆಟ್ ತೆರೆದು ನೋಡಲಿಕ್ಕೆ. ತನಗೆ ಗಾಡಿ ಹೊಡೆಯಲು ಬರುತ್ತದೆ, ಬಿಚ್ಚಲು ಬರುವುದಿಲ್ಲ.

ಅಣ್ಣಾಸಾಬನ ಕೈಯಲ್ಲಿ ಒರೆಸುವ ಬಟ್ಟೆ ನಿಂತಿತು. ಡ್ರೈವರು ಸುಳ್ಳು ಹೇಳುವುದನ್ನು ಅವನು ಸಾವಿರ ಸಲ ಕೇಳಿದ್ದ. ಸುಳ್ಳು ಹೇಳುವವನು ಹೊಗೆ ಎದ್ದಿತು, ಕಟಕಟ ಸದ್ದು ಬಂತು ಎನ್ನುತ್ತಾನೆ. ಸದ್ದಿಲ್ಲದೆ ಸೋತಿತು, ಚಾವಿ ತಿರುವಿದರೆ ಎರಡು ನಿಮಿಷ ಸರಿಯಾಯಿತು ಎಂದು ಹೇಳಬೇಕಾದರೆ ಒಂದೋ ಅವನು ಮೆಕ್ಯಾನಿಕ್ ಆಗಿರಬೇಕು, ಇಲ್ಲವೇ ಹಾಗೆ ಆಗಿರಬೇಕು.

ಬೀರದೇವ ಇನ್ನೂ ಒಂದು ಮಾತು ಹೇಳಿದ.

"ನಿಮ್ಮ ಅಳಿಯಾರಿಗೆ ಅಂದ್ನಿರಿ, ಮಾವಾರಿಗೆ ಫೋನ್ ಹಚ್ರಿ, ಹಿಂಗ ಆಗಾಕತ್ತೈತಿ ಅಂದ್ರ ಅವರು ದಾರಿ ಹೇಳತಾರ ಅಂತ. ಹಚ್ಚಿದ್ರು. ಹಂಗಽ ಹೊಡಿ ಅಂದಾರ ಅಂತ ಹೇಳಿದ್ರು."

"ಸುಳ್ಳ," ಎಂದ ಅಣ್ಣಾಸಾಬ.

ಅವತ್ತು ಅವನು ಮೋಟಾರ್‌ಸೈಕಲ್ ಮೇಲೆ ಮುಂದಾಗಿ ಮಿರಜಿಗೆ ಹೋಗಿ, ರಕ್ತದ ವ್ಯವಸ್ಥೆ ಮಾಡಿಸಿ, ಆಸ್ಪತ್ರೆಯ ಗೇಟಿನಲ್ಲಿ ಫೋನ್ ಕೈಯಲ್ಲೇ ಹಿಡಿದು ನಿಂತಿದ್ದ. ಭರಮುವಿನ ಫೋನ್ ಬಂದದ್ದು ಎರಡು ಸಲ. ಹೊರಟಿದ್ದೇವೆ ಎಂದು ಒಮ್ಮೆ. ಈ ಮಗ ಚಹಾಕ್ಕೆ ನಿಲ್ಲಿಸಿದ್ದಾನೆ ಎಂದು ಇನ್ನೊಮ್ಮೆ. ಗಾಡಿ ಏಳುತ್ತಿಲ್ಲ ಎಂಬ ಮಾತು ಎರಡೂ ಸಲ ಬರಲಿಲ್ಲ. ಬಂದಿದ್ದರೆ? ಏರ್‌ಫ್ಲೋ ಪ್ಲಗ್ ಕಿತ್ತು ಹೊಡೆಯಿರಿ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಒಂದು ಉಸಿರು. ಒಂದು ಪ್ಲಗ್. ಮಗಳು ಬದುಕಿರುತ್ತಿದ್ದಳು.

ಸುಳ್ಳೆಂದು ಬಾಯಿ ಹೇಳಿತು; ಕೈ ಸ್ಕ್ರೂಡ್ರೈವರ್ ಎತ್ತಿಕೊಂಡಿತು.

ಸೆನ್ಸರನ್ನು ಹಿಡಿದಿದ್ದುದು ಎರಡೇ ಸ್ಕ್ರೂ. ಬಿಚ್ಚುವ ಮೊದಲು ಟಾರ್ಚ್ ಹಿಡಿದು ನೋಡಿದ. ಸುತ್ತಲಿನ ಎಲ್ಲ ಸ್ಕ್ರೂಗಳ ತಲೆಯ ಮೇಲೂ ನಾಲ್ಕು ವರ್ಷದ ಎಣ್ಣೆಮಣ್ಣು ಗಟ್ಟಿಯಾಗಿತ್ತು. ಈ ಎರಡರ ತಲೆ ಮಾತ್ರ ಹೊಸದಾಗಿ ಗೀರಿ ಬೆಳ್ಳಗೆ ಹೊಳೆಯುತ್ತಿತ್ತು. ಒಂದರ ತಲೆಯ ಸೀಳು ಹರಿದಿತ್ತು ಕೂಡ. ಕೈಪಳಗಿದವನು ಹೀಗೆ ಬಿಚ್ಚುವುದಿಲ್ಲ.

ಸೆನ್ಸರ್ ಹೊರಗೆ ತೆಗೆದ. ಗಾಳಿಯ ಕೊಳವೆಯೊಳಗೆ ಬೆರಳಾಡಿಸಿದರೆ ಕಪ್ಪು ಜಿಡ್ಡು ಹತ್ತಿತು. ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಕುಡಿಯುತ್ತ ಒಂದು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿ ಅದು. ಅದೇ ಕೊಳವೆಯೊಳಗೆ ಕೂತಿದ್ದ ಸೆನ್ಸರಿನ ಬಾಯಿ ಅಂಗಡಿಯಿಂದ ಬಂದ ಹಾಗೆ ತೊಳೆದಿಟ್ಟಂತಿತ್ತು.

"ಇದು ಈ ಗಾಡೀದಲ್ಲ," ಎಂದ ಮೆಲ್ಲಗೆ.

ಮಗುಚಿ ನೋಡಿದ. ಪ್ಲಾಸ್ಟಿಕ್ಕಿನ ಮೇಲೆ ತಯಾರಾದ ವಾರ ಮತ್ತು ವರ್ಷ ಒತ್ತಿದ್ದರು. ಕಣ್ಣಿಗೆ ಹತ್ತಲಿಲ್ಲ. ಫೋನಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿದ. ಮೂವತ್ನಾಲ್ಕು, ಒಂದು ಓರೆಗೆರೆ, ಇಪ್ಪತ್ತೈದು.

ಪೂನಮ ತನ್ನ ಫೋನಿನ ಕ್ಯಾಲೆಂಡರ್ ತೆರೆದು ವಾರ ಎಣಿಸಿದಳು. ಎರಡನೇ ಸಲ ಎಣಿಸಿದಳು. ಇದೇ ವರ್ಷದ ಮೂವತ್ನಾಲ್ಕನೇ ವಾರ ಶುರುವಾಗುವುದು ಆಗಸ್ಟ್ ಹದಿನೆಂಟಕ್ಕೆ.

ಗಂಗಾ ಸತ್ತದ್ದು ಒಂಬತ್ತಕ್ಕೆ. ಅದೇ ದಿನ ಸಂಜೆಯಿಂದ ಗಾಡಿ ಈ ಬೇವಿನ ಗಿಡದ ಬುಡದಲ್ಲಿತ್ತು. ಅವಳನ್ನು ಮಣ್ಣು ಮಾಡಿ ಒಂಬತ್ತು ದಿನ ಕಳೆಯುವ ತನಕ ಈ ಸೆನ್ಸರ್ ಇನ್ನೂ ಹುಟ್ಟಿರಲೇ ಇಲ್ಲ.

ಪೂನಮಳ ಮುಖ ಕಪ್ಪಿಟ್ಟಿತು. ತನ್ನ ಠಾಣೆಯ ಹಿತ್ತಿಲಲ್ಲೇ, ತನ್ನ ಮೂಗಿನ ಕೆಳಗೇ ಬದಲಾಯಿಸಿದ್ದರು. ಒಳಗೆ ಹೋಗಿ ಬಂದುಹೋದವರ ವಹಿ ತಂದು ಪುಟ ತಿರುವಿದಳು. ಜಪ್ತಿಯಾದ ದಿನದಿಂದ ತಜ್ಞರು ಬರುವ ತನಕ ಗಾಡಿಯ ಹತ್ತಿರ ಹೊರಗಿನವರು ಹೋದದ್ದು ಒಂದೇ ಸಲ. ಸಪ್ಟೆಂಬರ್ ಇಪ್ಪತ್ತೆರಡು. ಟ್ರಸ್ಟಿನ ವ್ಯವಸ್ಥಾಪಕ ಅಭಿನಂದನ, ಸಂಗಡ ಒಬ್ಬರು. ಕಾರಣ: ಆಕ್ಸಿಜನ್ ಸಿಲಿಂಡರ್ ಒಯ್ಯಲು.

ನಾಳೆ ಅವನನ್ನು ಕರೆಸುತ್ತೇನೆ, ಅಲ್ಲಿಯ ತನಕ ಯಾರ ಮುಂದೆಯೂ ಬಾಯಿ ಬಿಡಬೇಡಿ ಕಾಕಾ ಎಂದು ಹೇಳಿ ಅವಳು ಸೆನ್ಸರನ್ನು ಲಕೋಟೆಯಲ್ಲಿ ಹಾಕಿ ಅರಗು ಹಚ್ಚಿದಳು.

ಅಣ್ಣಾಸಾಬ ಹೊರಡುವಾಗ ಬೀರದೇವ ಗಿಡದ ಬೊಡ್ಡೆಗೆ ಒರಗಿ ಕೂತಿದ್ದ. ಅಣ್ಣಾಸಾಬ ಅವನ ಮುಂದೆ ನಿಂತ.

"ಆ ಹಲ್ಲು ಇನ್ನೂ ನೋಯ್ತೈತೇನು?"

"ಇಲ್ರಿ," ಎಂದ ಬೀರದೇವ.

ಅಥಣಿಯಲ್ಲಿ ಟ್ರಸ್ಟಿನ ಕಚೇರಿ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡೂವರೆ. ನಾಳೆಯ ತನಕ ಕಾಯುವ ತಾಳ್ಮೆ ಅಣ್ಣಾಸಾಬನಿಗೆ ಇರಲಿಲ್ಲ.

ಅಭಿನಂದನ ಮೂವತ್ತೆರಡರ ಹುಡುಗ. ಮನೆತನ ದೊಡ್ಡದು, ಮಾತು ಮೆತ್ತಗೆ. ಊರಿಂದೂರಿಗೆ ರೋಗಿಗಳ ಜೊತೆ ಬಂದವರಿಗೆ ಆ ಮನೆಯವರು ಊಟ ಹಾಕಿಸುತ್ತಿದ್ದರು. ಗಂಗಾ ತೀರಿದ ಮೂರನೇ ದಿನ ಐಗಳಿಗೆ ಬಂದು ಎಲ್ಲರ ಜೊತೆ ನೆಲದ ಮೇಲೆ ಕೂತು ಹೋಗಿದ್ದ. ಅವತ್ತು ಅಣ್ಣಾಸಾಬನಿಗೆ ಅವನು ದೇವರಂತೆ ಕಂಡಿದ್ದ.

"ಬರ್ರಿ ಅಣ್ಣಾಸಾಬ್ರ, ಕುಂದರ್ರಿ. ಊಟ ಆತ?"

"ಸಪ್ಟೆಂಬರ್ ಇಪ್ಪತ್ತೆರಡಕ್ಕ ಕಾಗವಾಡ ಠಾಣೆಗೆ ಹೋಗಿದ್ರಿ?"

"ಹೌದ್ರಿ. ಸಿಲಿಂಡರ್ ಇತ್ತಲ್ಲ, ತರಾಕ."

"ಸಿಲಿಂಡರ್ ಹಿಂದ ಇರತೈತಿ. ಬಾನೆಟ್ ಯಾಕ ತೆರದ್ರಿ?"

ಬಾನೆಟ್ ತೆರೆದೆನೆಂದು ಯಾರು ಹೇಳಿದರು ಎಂದು ಅಭಿನಂದನ ನಗಲು ನೋಡಿದ. ಅಣ್ಣಾಸಾಬ ಫೋನಿನ ಫೋಟೋ ತೆರೆದು ಮೇಜಿನ ಮೇಲಿಟ್ಟ. ಅದೇನೆಂದು ವಿವರಿಸುವ ಅಗತ್ಯ ಬೀಳಲಿಲ್ಲ. ಹುಡುಗ ಬಹಳ ಹೊತ್ತು ಅದನ್ನೇ ನೋಡಿದ. ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತ.

"ನಾನಽ ಬಿಚ್ಚೇನ್ರಿ. ಎರಡು ಸ್ಕ್ರೂ. ಫೋನಿನ್ಯಾಗ ನೋಡಿ ಕಲ್ತು ಹೋಗಿದ್ನಿ."

"ಯಾಕ?"

"ಗಂಗಾ ತಂಗಿ ಹೋಗೇ ಬಿಟ್ಟಿದ್ಲು. ಮರಳಿ ಬರೂಹಂಗ ಇರಲಿಲ್ಲ. ನಲವತ್ತು ಹಳ್ಳಿ ಜನ ನಮ್ಮ ಗಾಡಿ ನಂಬ್ಯಾರ ಅಣ್ಣಾಸಾಬ್ರ. ಕೆಟ್ಟ ಗಾಡಿಯಾಗ ಒಯ್ದ್ರು ಅಂತ ಒಮ್ಮೆ ಊರಾಗ ಹಬ್ಬಿದ್ರ ನಾಳೆ ಯಾರೂ ಕರಿಯೂದಿಲ್ಲ. ಮನ್ಯಾಗ ಕುಂತು ಸಾಯ್ತಾರ."

"ಬೀರದೇವ?"

"ಅವಗ ವಕೀಲರನ್ನ ನಾವಽ ಕೊಟ್ಟೀವಿ."

"ಜೇಲಿಗೆ ಕಳಿಸಾಕೂ ನೀವಽ, ವಕೀಲನ್ನ ಕೊಡಾಕೂ ನೀವಽ."

ಅಭಿನಂದನ ತಲೆ ತಗ್ಗಿಸಿದ. ಇಷ್ಟು ವರ್ಷದಲ್ಲಿ ಅಣ್ಣಾಸಾಬ ಈ ಮನೆತನದ ಸಣ್ಣ ಹುಡುಗರಿಗೂ ಏಕವಚನ ಆಡಿದವನಲ್ಲ. ಈಗ ಅವನಿಗೇ ತಿಳಿಯದಂತೆ ನಾಲಿಗೆ ಇಳಿಯಿತು.

"ಸೆನ್ಸರ್ ಕೆಟ್ಟೈತಿ ಅಂತ ನಿನಗ ಮೊದಲಽ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಗಳನ್ನ ಅದರಾಗ ಹಾಕಿದಿ."

"ನಾ ಹಾಕಲಿಲ್ಲ." ಹುಡುಗನ ದನಿಯೂ ಮೊದಲ ಸಲ ಗಡುಸಾಯಿತು. "ಗಾಡಿ ಹಟ ಮಾಡಾಕತ್ತೈತಿ ಅಂತ ಬೀರದೇವ ಜುಲೈದಾಗ ಹೇಳಿದ್ದ, ಅಷ್ಟ ನನಗ ಗೊತ್ತಿತ್ತು; ಸೆನ್ಸರ್ ಸಂಗತಿ ಆಮ್ಯಾಲ ತಿಳೀತು. ಅವತ್ತು ಆಸ್ಪತ್ರಿ ಮುಂದ ಎರಡು ಗಾಡಿ ನಿಂತಿದ್ದುವು. ಇದು ಬ್ಯಾಡ, ಆ ಗಾಡಿ ಒಯ್ರಿ ಅಂತ ನಾ ಫೋನಿನ್ಯಾಗ ಹೇಳೇನಿ. ಇದನ್ನಽ ಒಯ್ದ್ರು ಅಂತ ನನಗ ಆಮ್ಯಾಲ ಗೊತ್ತಾತು."

"ಯಾರಿಗೆ ಹೇಳಿದಿ ಫೋನಿನ್ಯಾಗ?"

ಅಭಿನಂದನ ಕಿಟಕಿಯ ಕಡೆ ಮುಖ ತಿರುಗಿಸಿದ. ಕಿಟಕಿಯಾಚೆ ಇನ್ನೊಂದು ಆ್ಯಂಬುಲೆನ್ಸ್ ಬಂದು ನಿಂತಿತು; ಅದರಿಂದ ಒಬ್ಬ ಮುದುಕಿಯನ್ನು ಇಳಿಸುತ್ತಿದ್ದರು.

"ಹಳೇ ಸೆನ್ಸರ್ ಏನ ಮಾಡಿದಿ? ಹೊಳ್ಯಾಗ ಒಗದ್ಯಾ?"

"ಇಲ್ರಿ."

"ಮತ್ತ ಎಲ್ಲೈತಿ?"

"ನಿಮ್ಮ ಮನ್ಯಾಗ."

ಅಣ್ಣಾಸಾಬನಿಗೆ ಮೊದಲು ಅದು ಬೈಗುಳದಂತೆ ಕೇಳಿಸಿತು. ಅಭಿನಂದನ ಅವನ ಕಣ್ಣು ತಪ್ಪಿಸಿ ನಿಧಾನಕ್ಕೆ ಹೇಳಿದ.

"ವಹಿಯಾಗ ಸಂಗಡ ಒಬ್ರು ಅಂತ ಬರದೈತಲ್ಲ, ಅವರು ಕೆಂಪವ್ವಾರು. ಮಗಳ ಬಟ್ಟೀ ಚೀಲ ಗಾಡಿಯಾಗಽ ಉಳದೈತಿ, ಕೊಡಸ್ರಿ ಅಂತ ಬಂದಿದ್ರು. ನಾ ಸೆನ್ಸರ್ ತಗದಿದ್ನಿ, ಕೈಯಾಗಿಂದು ನೋಡಿದ್ರು. ಕಸಗೊಂಡ್ರು. ಕೊಡೂದಿಲ್ಲ ಅಂದ್ರ ಇಲ್ಲೇ ಒದರತೇನಿ ಅಂದ್ರು. ಒದರ್ತಾರ ಅಂತ ಅಂಜಿದ್ನಿ. ಅವರು ಒದರಲಿಲ್ಲ. ಇವತ್ತಿನ ತನಕ ಒದರಿಲ್ಲ. ಯಾಕ ಅಂತ ನೀವಽ ಕೇಳ್ರಿ."

ಐಗಳಿಯ ಅಡ್ಡರಸ್ತೆಯಲ್ಲಿ ಮುಂದೆ ಗ್ಯಾರೇಜು, ಹಿಂದೆ ಮನೆ. ಗಾಡಿ ನಿಲ್ಲಿಸಿದಾಗ ಮೂರರ ಬಿಸಿಲು ಪಡಸಾಲೆಗೆ ಇಳಿದಿತ್ತು. ಕೆಂಪವ್ವ ಮೊರ ಮುಂದಿಟ್ಟುಕೊಂಡು ತೊಗರಿ ಹಸನು ಮಾಡುತ್ತಿದ್ದಳು. ಗಂಡ ಬಂದದ್ದು ಕೇಳಿಸಿದರೂ ತಲೆಯೆತ್ತಲಿಲ್ಲ.

ಅವನು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದ್ದು ಒಂದೇ ಮಾತು. ಇಪ್ಪತ್ತೆರಡಕ್ಕೆ ಕಾಗವಾಡದಿಂದ ತಂದದ್ದನ್ನು ಎಲ್ಲಿಟ್ಟಿದ್ದೀ ಎಂದು.

ಅವಳು ಮೊರ ಸರಿಸಿ ಎದ್ದಳು. ಒಳಗೆ ಹೋದಳು. ಟ್ರಂಕಿನ ಮುಚ್ಚಳ ಸದ್ದು ಮಾಡಿತು. ಗಂಗಾಳ ಹಳೆಯ ಕುಪ್ಪಸದಲ್ಲಿ ಸುತ್ತಿದ್ದ ಗಂಟನ್ನು ತಂದು ಅವನ ಕೈಯಲ್ಲಿಟ್ಟಳು.

ಸೆನ್ಸರಿನ ಬಾಯಿಗೆ ಎಣ್ಣೆಮಣ್ಣು ಕರಿಕಾಗಿ ಹತ್ತಿತ್ತು. ಬೆನ್ನಿನ ಮೇಲೆ ಸೂಜಿಯಿಂದ ಗೀರಿ ಬರೆದ ಅಕ್ಷರಗಳಿದ್ದವು.

ಕೆಟ್ಟೈತಿ. ಹಾಕಬ್ಯಾಡ್ರಿ. 29-7.

ಆ 'ಹ'ಕಾರಕ್ಕೆ ಉದ್ದ ಬಾಲ ಬಿಡುವವರು ಈ ಮನೆಯಲ್ಲಿ ಒಬ್ಬಳೇ ಇದ್ದಳು. ಕೆಟ್ಟ ಸಾಮಾನನ್ನು ಯಾರೂ ಮರೆತು ಇನ್ನೊಂದು ಗಾಡಿಗೆ ಹಾಕಬಾರದೆಂದು ಮೇಲೆ ಬರೆದಿಡುವುದನ್ನು ಅವಳಿಗೆ ಕಲಿಸಿದವನು ಅಣ್ಣಾಸಾಬನೇ. ಹತ್ತನೆಯ ಇಯತ್ತೆಯಿಂದ ಮದುವೆಯಾಗುವ ತನಕ ಗಂಗಾ ಈ ಗ್ಯಾರೇಜಿನಲ್ಲಿ ಅವನ ಬಲಗೈಯಾಗಿದ್ದಳು. ಸ್ಕ್ಯಾನರಿನ ಅಂಕಿ ಅವನಿಗಿಂತ ಚುರುಕಾಗಿ ಅವಳಿಗೆ ತಿಳಿಯುತ್ತಿತ್ತು.

ಅವನು ಬೆರಳಿನಿಂದ ಅಕ್ಷರ ಸವರಿದ.

ಕೆಂಪವ್ವ ಗೋಡೆಗೆ ಒರಗಿ, ಬೇರೆ ಯಾರದೋ ಮನೆಯ ಸುದ್ದಿ ಹೇಳುವವಳ ದನಿಯಲ್ಲಿ ಹೇಳಿದಳು. ಜುಲೈ ಇಪ್ಪತ್ತೊಂಬತ್ತಕ್ಕೆ ಅವನು ಸಾಂಗ್ಲಿಗೆ ಹೋಗಿದ್ದ. ಗಂಗಾ ಹೆರಿಗೆಗೆಂದು ತವರಿಗೆ ಬಂದು ಎಂಟು ದಿನವಾಗಿತ್ತು. ಆ್ಯಂಬುಲೆನ್ಸ್ ಬಂತು, ಅವರು ಇಲ್ಲವಾ ಎಂದು ತಂದವನು ಕೇಳಿದ. ಕೂತು ಕೂತು ಬೇಸತ್ತಿದ್ದ ಗಂಗಾ ತಾನೇ ಎದ್ದು ಹೋಗಿ ಸ್ಕ್ಯಾನರ್ ಹಚ್ಚಿದಳು, ಪ್ಲಗ್ ಕಿತ್ತು ನೋಡಿದಳು, ಸೆನ್ಸರ್ ಬಿಚ್ಚಿ ಅದರ ಮೇಲೆ ಬರೆದಳು. ಹೊಸದು ತರುವ ತನಕ ಈ ಗಾಡಿಯನ್ನು ಪೇಶಂಟಿಗೆ ಹಚ್ಚಬೇಡಿ, ಈಗ ಪ್ಲಗ್ ಕಿತ್ತೇ ಒಯ್ಯಿರಿ ಎಂದು ನಾಲ್ಕು ಸಲ ಹೇಳಿದಳು. ಹೂಂ ಎಂದವನು ಅದನ್ನೇ ಮರಳಿ ಕೂಡಿಸಿಕೊಂಡು ಹೋದ. ದಿನ ತುಂಬಿದ ಬಸುರಿ ಎಣ್ಣೆ ಕೈ ಮಾಡಿಕೊಂಡಳೆಂದರೆ ಗಂಡ ತನಗೆ ಬೈಯುತ್ತಾನೆಂದು ಕೆಂಪವ್ವ ಅವತ್ತು ಅವನಿಗೆ ಹೇಳಿರಲಿಲ್ಲ.

"ಯಾರು ತಂದಿದ್ದ ಗಾಡಿ? ಬೀರದೇವ?"

"ನಿಮ್ಮ ಅಳಿಯ."

ಗ್ಯಾರೇಜಿನ ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಹೋಯಿತು. ಅಣ್ಣಾಸಾಬ ಸೆನ್ಸರನ್ನು ಮತ್ತೆ ಕುಪ್ಪಸದಲ್ಲಿ ಸುತ್ತಿದ.

"ಇದನ್ನ ತಂದ ದಿನಾನ ಬಂದಿದ್ದ ಅವ," ಎಂದಳು ಕೆಂಪವ್ವ. "ನೀವು ಗಿರಾಕಿ ಕೂಡ ಮಾತಾಡಾಕತ್ತಿದ್ರಿ. ಅಡಗಿ ಮನ್ಯಾಗ ಬಂದು ನಿಂತ. ಬಾಯಿ ಬಿಟ್ರ ಕೂಸಿನ ಮುಖ ನೋಡೂದು ಅವತ್ತಿಗೆ ಮುಗೀತು ಅಂದ. ತಂದಿ ಅದಾನ, ಒಯ್ದ್ರ ಯಾರು ಬ್ಯಾಡ ಅನ್ನವ್ರು? ಆಕಿ ಅಂತೂ ಹೋದ್ಲು. ಕೂಸಾದ್ರೂ ಇರ್ಲಿ ಅಂದ್ನಿ."

"ಆ ಬೀರದೇವನ ಹಲ್ಲು ಮುರದೇನಲ್ಲ ನಾ. ಜೇಲಿಗೆ ಹೊಂಟಾನ ಅವ."

"ಬೀರದೇವಗ ಅವ್ವ ಅದಾಳ. ಜೇಲಿನಿಂದ ಬಂದ್ರ ರೊಟ್ಟಿ ಬಡದು ಹಾಕತಾಳ. ಈ ಕೂಸಿಗೆ ಯಾರದಾರ?"

ಮೂವತ್ತು ವರ್ಷ ಜೊತೆ ಬಾಳಿದ ಹೆಂಗಸು ಎರಡೂವರೆ ತಿಂಗಳು ಅಣ್ಣಾಸಾಬನ ಪಕ್ಕದಲ್ಲೇ ಮಲಗಿ, ಅವನು ಬೀರದೇವನಿಗೆ ಹಿಡಿಶಾಪ ಹಾಕುವುದನ್ನು ಕೇಳುತ್ತ ಸುಮ್ಮನಿದ್ದಳು. ಅವಳ ಮೇಲೆ ಕೈಯೆತ್ತಬೇಕೋ, ಅವಳ ಮಡಿಲಲ್ಲಿ ತಲೆಯಿಟ್ಟು ಅಳಬೇಕೋ ತಿಳಿಯದೆ ಕೂತ. ಕೊನೆಗೆ, ಕೂಸನ್ನು ಯಾರೂ ಒಯ್ಯುವುದಿಲ್ಲ, ಈಗಲೇ ಮೇಡಮ್ಮಿಗೆ ಹೇಳುತ್ತೇನೆ ಎಂದು ಮೇಲೆದ್ದ.

ಕೆಂಪವ್ವ ಆಗ ಅವನ ಮುಖ ನೋಡಿದಳು. ಬಂದಾಗಿನಿಂದ ಮೊದಲ ಸಲ.

ಏನೋ ಕೊರತೆಯಿದೆ ಎಂದು ಅವನಿಗೆ ಅನಿಸಿತು. ಈ ಹೊತ್ತಿಗೆ ಮನೆಯಲ್ಲಿ ಇರಬೇಕಾದ ಸದ್ದು ಇರಲಿಲ್ಲ. ಪಡಸಾಲೆಯ ತೊಟ್ಟಿಲ ಹತ್ತಿರ ಹೋಗಿ ಅರಿವೆ ಸರಿಸಿದ. ಒಳಗೆ ಏನೂ ಇರಲಿಲ್ಲ. ಹಗ್ಗದ ಮೇಲೆ ಒಣಹಾಕಿದ್ದ ಕುಂಚಿಗೆ, ಸಣ್ಣ ಅಂಗಿಗಳು, ಹಾಲಿನ ಬಾಟಲಿ, ಯಾವುದೂ ಇರಲಿಲ್ಲ.

"ಕೂಸೆಲ್ಲಿ?"

"ಒಯ್ದ."

"ಯಾವಾಗ?"

"ಮುಂಜಾನೆ. ಹತ್ತೂವರಿ ಆಗಿತ್ತು. ಅವರು ಸಾಂಗ್ಲಿಗೆ ಹೋಗ್ಯಾರ, ಬರೂತನಕ ನಿಂದ್ರು ಅಂದ್ನಿ. ನಕ್ಕ. ಸಾಂಗ್ಲಿಗಲ್ಲ, ಕಾಗವಾಡ ಠಾಣೆಯಾಗ ಬಾನೆಟ್ ತೆರಕೊಂಡು ನಿಂತಾನ ನಿನ್ನ ಗಂಡ ಅಂದ. ಕೈಯಾಗಿಂದ ಕೂಸು ಕಸಗೊಂಡ."

ಅಣ್ಣಾಸಾಬ ಫೋನ್ ತೆಗೆದ. ಪಿಎಸ್‌ಐ ಪೂನಮಳ ನಂಬರ್ ಮೇಲೇ ಇತ್ತು. ಬೆರಳು ಅದರ ಹತ್ತಿರ ಹೋಗಿ ನಿಂತಿತು.

ಹತ್ತೂವರೆಗೆ ಅವನು ಆ ಎರಡು ಸ್ಕ್ರೂಗಳನ್ನು ಇನ್ನೂ ಮುಟ್ಟಿಯೇ ಇರಲಿಲ್ಲ. ತಾನು ಕಾಗವಾಡದಲ್ಲಿರುವುದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಆ ಹಿತ್ತಿಲಲ್ಲಿ ಅವನನ್ನು ಬಿಟ್ಟರೆ ಇದ್ದವರು ಇಬ್ಬರೇ. ಒಬ್ಬ ಜೈಲಿಗೆ ಹೋಗಬೇಕಾದವನು; ಇನ್ನೊಬ್ಬಳ ನಂಬರ್ ಈ ಬೆರಳಿನ ಕೆಳಗಿತ್ತು.

ಅವನು ಫೋನನ್ನು ಒತ್ತಲಿಲ್ಲ.